ಗಂಟಲು ನೋವಿಗೆ ಯಾವ ಆ್ಯಂಟಿಬಯಾಟಿಕ್, ಯಾವಾಗ, ಎಷ್ಟು ದಿನ?

ಗಂಟಲು ನೋವು, ಜ್ವರ ಎಂದು ಬಂದವರ ಕೈಗೆ ನಮ್ಮ ಊರುಗಳ ಮೆಡಿಕಲ್ ಶಾಪ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಮೂರು ಮಾತ್ರೆಗಳ ಅಜಿತ್ರೊಮೈಸಿನ್ 500 ಪಟ್ಟಿ. ದಿನಕ್ಕೊಂದು ಮಾತ್ರೆ, ಮೂರೇ ದಿನ ಎಂಬ ಅನುಕೂಲವೇ ಅದರ ಜನಪ್ರಿಯತೆಗೆ ಕಾರಣ. ಭಾರತದ ಖಾಸಗಿ ಮಾರುಕಟ್ಟೆಯಲ್ಲಿ 2019ರಲ್ಲಿ ಬಳಕೆಯಾದ ಆ್ಯಂಟಿಬಯಾಟಿಕ್‌ಗಳನ್ನು ಲೆಕ್ಕ ಹಾಕಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ 7.6ರಷ್ಟು ಪಾಲಿನೊಂದಿಗೆ ಮೊದಲ ಸ್ಥಾನದಲ್ಲಿದ್ದದ್ದು ಇದೇ ಮಾತ್ರೆ; ಶೇ 6.5ರಷ್ಟು ಪಾಲು ಪಡೆದ ಸೆಫಿಕ್ಸಿಮ್ 200 ಎರಡನೆಯ ಸ್ಥಾನದಲ್ಲಿತ್ತು. ಗಂಟಲಿನ ಸೋಂಕಿನ ಮಟ್ಟಿಗೆ ಹೇಳುವುದಾದರೆ ಇವೆರಡರಲ್ಲಿ ಯಾವುದೂ ಮೊದಲ ಆಯ್ಕೆಯಾಗಬೇಕಾದ ಔಷಧವಲ್ಲ. ಏಕೆ ಅಲ್ಲ, ಹಾಗಾದರೆ ಯಾವುದು ಸರಿ, ಯಾವ ಸಂದರ್ಭದಲ್ಲಿ ಯಾವುದೂ ಬೇಡ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ. ಔಷಧ ಬರೆದುಕೊಡಬೇಕಾದವರು ವೈದ್ಯರೇ. ಅವರೆದುರು ಕುಳಿತಾಗ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಈ ವಿವರಗಳು ನೆರವಾಗಬಹುದು.

ಮೊದಲ ತೀರ್ಮಾನ: ಬೇಕೇ, ಬೇಡವೇ

ಗಂಟಲು ನೋವಿನ ಬಹುಪಾಲು ಪ್ರಕರಣಗಳಿಗೆ ಕಾರಣ ವೈರಸ್. ಗಂಟಲು ನೋವೆಂದು ವೈದ್ಯರ ಬಳಿಗೆ ಬರುವ ಮಕ್ಕಳಲ್ಲಿ ನೂರಕ್ಕೆ 20ರಿಂದ 30 ಮಂದಿಯಲ್ಲಿ, ದೊಡ್ಡವರಲ್ಲಿ 5ರಿಂದ 15 ಮಂದಿಯಲ್ಲಿ ಮಾತ್ರ ಎ ಗುಂಪಿನ ಸ್ಟ್ರೆಪ್ಟೊಕಾಕಸ್, ಅಂದರೆ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿರುತ್ತದೆ. ಉಳಿದವರಿಗೆ ಎಂಥ ಆ್ಯಂಟಿಬಯಾಟಿಕ್ ಕೊಟ್ಟರೂ ವೈರಸ್‌ಗೆ ಏನೂ ಆಗುವುದಿಲ್ಲ. ಬಾಯಿ, ಗಂಟಲು, ಕರುಳುಗಳಲ್ಲಿ ಮೊದಲಿನಿಂದಲೂ ನೆಲೆಸಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಮಾತ್ರ ಆ ಔಷಧದ ಹೊಡೆತಕ್ಕೆ ಸಿಗುತ್ತವೆ. ಅವುಗಳಲ್ಲಿ ಔಷಧಕ್ಕೆ ಜಗ್ಗದಂಥವು ಉಳಿದುಕೊಂಡು ಸಂಖ್ಯೆಯಲ್ಲಿ ಹೆಚ್ಚುತ್ತವೆ.

ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಊಹಿಸುವುದಕ್ಕೆ ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ 1981ರಲ್ಲಿ ರೂಪಿಸಿದ ಅಂಕಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಜ್ವರವಿರುವುದು, ಕೆಮ್ಮು ಇಲ್ಲದಿರುವುದು, ಕತ್ತಿನ ಮುಂಭಾಗದ ಗ್ರಂಥಿಗಳು ಊದಿಕೊಂಡು ಮುಟ್ಟಿದರೆ ನೋಯುವುದು, ಟಾನ್ಸಿಲ್‌ಗಳ ಮೇಲೆ ಬಿಳಿಯ ಕೀವಿನ ಪದರ ಕಾಣುವುದು ಎಂಬ ನಾಲ್ಕಕ್ಕೂ ಒಂದೊಂದು ಅಂಕ. ಮುಂದೆ ಇದಕ್ಕೆ ವಯಸ್ಸನ್ನೂ ಸೇರಿಸಲಾಯಿತು: 3ರಿಂದ 14 ವರ್ಷದವರಿಗೆ ಒಂದು ಅಂಕ ಕೂಡುತ್ತದೆ, 45 ದಾಟಿದವರಿಗೆ ಒಂದು ಕಳೆಯುತ್ತದೆ. ಮೂಗು ಸೋರುತ್ತಿದ್ದರೆ, ಕೆಮ್ಮಿದ್ದರೆ, ಧ್ವನಿ ಒಡೆದಿದ್ದರೆ, ಕಣ್ಣು ಕೆಂಪಾಗಿದ್ದರೆ, ಬಾಯಲ್ಲಿ ಹುಣ್ಣಾಗಿದ್ದರೆ ಅದು ವೈರಸ್ಸೇ ಆಗಿರುವ ಸಂಭವ ಬಹಳ ಹೆಚ್ಚು. ಅಂಕ ಎಷ್ಟೇ ಬಂದರೂ ಇದು ಊಹೆಯೇ ಹೊರತು ರೋಗನಿರ್ಣಯವಲ್ಲ. ಮೂರು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರಿಗೆ ಗಂಟಲಿನ ದ್ರವವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಪರೀಕ್ಷಿಸುವುದು ಉತ್ತಮ. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ರ‍್ಯಾಪಿಡ್ ಟೆಸ್ಟ್ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ಅಷ್ಟು ನಂಬುವಂತಿಲ್ಲ. ಆ ದ್ರವದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಒಂದೆರಡು ದಿನ ಬೇಕಾದರೂ ಅದು ಹೆಚ್ಚು ಭರವಸೆಯದು.

ಆ ಒಂದೆರಡು ದಿನ ಕಾಯುವುದರಿಂದ ಅಪಾಯವಿಲ್ಲವೇ ಎಂಬ ಪ್ರಶ್ನೆ ಸಹಜ. ಸ್ಟ್ರೆಪ್ಟೊಕಾಕಸ್ ಗಂಟಲು ನೋವು ಔಷಧವಿಲ್ಲದಿದ್ದರೂ ಹೆಚ್ಚಿನವರಲ್ಲಿ ಒಂದು ವಾರದೊಳಗೆ ತಾನೇ ಇಳಿಯುತ್ತದೆ. ಆ್ಯಂಟಿಬಯಾಟಿಕ್‌ನಿಂದ ನೋವಿನ ಅವಧಿ ಸರಾಸರಿ ಒಂದು ದಿನದಷ್ಟು ಕೂಡ ಕಡಿಮೆಯಾಗುವುದಿಲ್ಲ. ಔಷಧ ಕೊಡುವುದಕ್ಕೆ ಮುಖ್ಯ ಕಾರಣ ನೋವಲ್ಲ, ರುಮ್ಯಾಟಿಕ್ ಜ್ವರ. ಗಂಟಲಿನ ಈ ಸೋಂಕಿನ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಲ್ಲಿ ಕೀಲುಗಳು ಊದಿಕೊಂಡು, ಹೃದಯದ ಕವಾಟಗಳಿಗೆ ಶಾಶ್ವತ ಹಾನಿಯಾಗುತ್ತದೆ. ಪೆನಿಸಿಲಿನ್ ಕೊಟ್ಟರೆ ಇದನ್ನು ತಡೆಯಬಹುದು ಎಂಬುದನ್ನು ಅಮೆರಿಕದ ವಯೋಮಿಂಗ್ ರಾಜ್ಯದ ವಾರನ್ ಸೇನಾ ನೆಲೆಯಲ್ಲಿ ಯುವ ಯೋಧರ ಮೇಲೆ ನಡೆಸಿದ ಪ್ರಯೋಗ 1950ರಲ್ಲಿ ತೋರಿಸಿಕೊಟ್ಟಿತು. ಸೋಂಕು ಶುರುವಾಗಿ ಒಂಬತ್ತು ದಿನಗಳೊಳಗೆ ಔಷಧ ಆರಂಭಿಸಿದರೂ ಈ ರಕ್ಷಣೆ ಸಿಗುತ್ತದೆ. ಆದ್ದರಿಂದ ಉಸಿರಾಟಕ್ಕೆ, ನುಂಗುವುದಕ್ಕೆ ತೊಂದರೆಯಿಲ್ಲದ ರೋಗಿ ಪ್ಯಾರಾಸಿಟಮಾಲ್ ತೆಗೆದುಕೊಂಡು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತ ಕಲ್ಚರ್ ವರದಿಗಾಗಿ ಕಾಯುವುದರಲ್ಲಿ ತಪ್ಪಿಲ್ಲ.

ಪೆನಿಸಿಲಿನ್ ಮತ್ತು ಅಮಾಕ್ಸಿಸಿಲಿನ್

ಬ್ಯಾಕ್ಟೀರಿಯಾ ಇದೆಯೆಂದು ಖಚಿತವಾದ ಮೇಲೆ ಆಯ್ಕೆ ಸುಲಭವಾಗಬೇಕು. ಪೆನಿಸಿಲಿನ್ ಬಳಕೆಗೆ ಬಂದು ಎಂಬತ್ತು ವರ್ಷಗಳು ಕಳೆದಿವೆ. ಇಷ್ಟು ಕಾಲದಲ್ಲಿ ಸ್ಟ್ಯಾಫಿಲೊಕಾಕಸ್, ನ್ಯುಮೊಕಾಕಸ್, ಗೊನೊರಿಯಾದ ಬ್ಯಾಕ್ಟೀರಿಯಾ ಎಲ್ಲವೂ ಅದಕ್ಕೆ ನಿರೋಧಕತೆ ಬೆಳೆಸಿಕೊಂಡರೂ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಬೆಳೆಸಿಕೊಂಡಿಲ್ಲ. ಪೆನಿಸಿಲಿನ್ ಅನ್ನು ಒಡೆದುಹಾಕುವ ಬೀಟಾ-ಲ್ಯಾಕ್ಟಮೇಸ್ ಕಿಣ್ವವನ್ನು ಅದು ತಯಾರಿಸುವುದಿಲ್ಲ. ತನ್ನ ಕೋಶಭಿತ್ತಿಯನ್ನು ಕಟ್ಟುವ ಪ್ರೋಟೀನ್‌ಗಳನ್ನು ಪೆನಿಸಿಲಿನ್‌ಗೆ ಸಿಗದಂತೆ ಮಾರ್ಪಡಿಸಿಕೊಳ್ಳುವ ದಾರಿಯಲ್ಲೂ ಅದು ಬಹಳ ದೂರ ಸಾಗಿಲ್ಲ. 2020ರ ಸುಮಾರಿಗೆ ಸಿಯಾಟಲ್‌ನಿಂದ ವರದಿಯಾದ ಒಂದೆರಡು ಮಾದರಿಗಳಲ್ಲಿ ಅಂಥ ಮಾರ್ಪಾಡು ಕಂಡುಬಂದು ಸಂಶೋಧಕರು ಎಚ್ಚೆತ್ತರು. ಆದರೆ ಅವು ಕೂಡ ಔಷಧಕ್ಕೆ ಬಗ್ಗುವ ಮಿತಿಯೊಳಗೇ ಇದ್ದವು. ಸೋಂಕು ವೈದ್ಯಶಾಸ್ತ್ರದಲ್ಲಿ ಇಂಥ ಉದಾಹರಣೆ ಬಹಳ ಅಪರೂಪ. ಅದನ್ನು ಬಿಟ್ಟು ಹೊಸ ಔಷಧದ ಹಿಂದೆ ಹೋಗುವುದಕ್ಕೆ ನಮ್ಮಲ್ಲಿ ಸಕಾರಣವಿಲ್ಲ.

ಬಾಯಿಯ ಮೂಲಕ ತೆಗೆದುಕೊಳ್ಳುವ ಪೆನಿಸಿಲಿನ್ ವಿ ಮಾತ್ರೆ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಆ ಸ್ಥಾನವನ್ನು ಅಮಾಕ್ಸಿಸಿಲಿನ್ ತುಂಬಿದೆ. ಮಕ್ಕಳಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 50 ಮಿ.ಗ್ರಾಂ, ಗರಿಷ್ಠ 1,000 ಮಿ.ಗ್ರಾಂ, ಒಂದೇ ಸಲಕ್ಕೆ ಅಥವಾ ಎರಡು ಭಾಗ ಮಾಡಿ, ಹತ್ತು ದಿನ ಎಂಬುದು ಸಾಮಾನ್ಯ ಕ್ರಮ. ಇಲ್ಲಿ ಒಂದು ಸಣ್ಣ ವಿಷಯವನ್ನು ಗಮನಿಸಬೇಕು. ಮಕ್ಕಳ ಡ್ರೈ ಸಿರಪ್ ಬಾಟಲಿಗಳಲ್ಲಿ ಕೆಲವು 5 ಮಿ.ಲೀ.ಗೆ 125 ಮಿ.ಗ್ರಾಂ, ಕೆಲವು 250 ಮಿ.ಗ್ರಾಂ ಶಕ್ತಿಯವು. 20 ಕಿಲೋ ತೂಕದ ಮಗುವಿಗೆ ಎರಡನೆಯದಾದರೆ ಹೊತ್ತಿಗೆ 10 ಮಿ.ಲೀ.ಯಂತೆ ಎರಡು ಹೊತ್ತು ಸಾಕು. ಮೊದಲನೆಯದನ್ನು ಅದೇ ಅಳತೆಯಲ್ಲಿ ಕೊಟ್ಟರೆ ಮಗುವಿಗೆ ಸಿಗುವುದು ಅರ್ಧ ಪ್ರಮಾಣ ಮಾತ್ರ. ಕಾಯಿಸಿ ಆರಿಸಿದ ನೀರನ್ನು ಬಾಟಲಿಯ ಮೇಲಿನ ಗುರುತಿನವರೆಗೆ ಹಾಕಿ ಕುಲುಕಿದ ಮೇಲೆ ಆ ಔಷಧ ಸಾಮಾನ್ಯವಾಗಿ ಒಂದು ವಾರ ಮಾತ್ರ ಬಾಳುತ್ತದೆ. ಹತ್ತು ದಿನದ ಚಿಕಿತ್ಸೆಗೆ ಒಂದೇ ಬಾಟಲಿ ಸಾಲದೆಂಬುದನ್ನು ಅನೇಕ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ. ಬಾಟಲಿ ಮುಗಿದ ದಿನವೇ ಚಿಕಿತ್ಸೆಯೂ ಮುಗಿದಿರುತ್ತದೆ.

ಹತ್ತು ದಿನ ಔಷಧ ಕೊಡಿಸುವುದು ಕಷ್ಟವೆನಿಸುವ ಕಡೆ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಚುಚ್ಚುಮದ್ದು ಇದೆ: 27 ಕಿಲೋಗಿಂತ ಕಡಿಮೆ ತೂಕದವರಿಗೆ 6 ಲಕ್ಷ ಯೂನಿಟ್, ಅದಕ್ಕೂ ಮೇಲ್ಪಟ್ಟವರಿಗೆ 12 ಲಕ್ಷ. ನೋವು ಜಾಸ್ತಿ, ಅಲರ್ಜಿಯ ಭಯದಿಂದ ಸಣ್ಣ ಕ್ಲಿನಿಕ್‌ಗಳು ಕೊಡಲು ಹಿಂಜರಿಯುತ್ತವೆ. ಆದರೂ ರುಮ್ಯಾಟಿಕ್ ಜ್ವರ ಒಮ್ಮೆ ಬಂದುಹೋದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಈ ಚುಚ್ಚುಮದ್ದಿಗೆ ಸಮನಾದದ್ದು ಇಲ್ಲ.

ಅಜಿತ್ರೊಮೈಸಿನ್ ಮತ್ತು ಅದರ ಬಳಗ

ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಅಜಿತ್ರೊಮೈಸಿನ್ ಇವು ಮ್ಯಾಕ್ರೊಲೈಡ್ ಗುಂಪಿನವು. ಬ್ಯಾಕ್ಟೀರಿಯಾದ ರೈಬೊಸೋಮ್‌ಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುವುದು ಇವುಗಳ ಕೆಲಸ. ಪೆನಿಸಿಲಿನ್‌ಗೆ ಇಂದಿಗೂ ಬಗ್ಗುವ ಅದೇ ಸ್ಟ್ರೆಪ್ಟೊಕಾಕಸ್ ಇವುಗಳಿಂದ ತಪ್ಪಿಸಿಕೊಳ್ಳುವ ಎರಡು ದಾರಿಗಳನ್ನು ಕಂಡುಕೊಂಡಿದೆ. ಮೊದಲನೆಯದು ಎಮ್‌ಇಎಫ್ ಎಂಬ ಜೀನ್‌ನದು: ಬಾವಿಗೆ ಒರತೆಯ ನೀರು ಬಂದಂತೆಲ್ಲ ಮೋಟಾರು ಎತ್ತಿ ಹಾಕುವ ಹಾಗೆ, ಒಳಗೆ ಬಂದ ಔಷಧವನ್ನು ಕೋಶ ಹೊರಕ್ಕೆ ತಳ್ಳುತ್ತಿರುತ್ತದೆ. ಎರಡನೆಯದು ಇಆರ್‌ಎಮ್ ಜೀನ್‌ಗಳದು: ಔಷಧ ಅಂಟಿಕೊಳ್ಳಬೇಕಾದ ಜಾಗಕ್ಕೇ ಒಂದು ಮೀಥೈಲ್ ಗುಂಪನ್ನು ಸೇರಿಸಿ ಅದನ್ನು ಅಂಟದಂತೆ ಮಾಡುತ್ತದೆ. ಈ ಎರಡನೆಯ ದಾರಿ ಹಿಡಿದ ಬ್ಯಾಕ್ಟೀರಿಯಾ ಅಜಿತ್ರೊಮೈಸಿನ್ ಜೊತೆಗೆ ಕ್ಲಿಂಡಮೈಸಿನ್‌ಗೂ ಬಗ್ಗದಿರಬಹುದು, ಏಕೆಂದರೆ ಎರಡೂ ಹಿಡಿಯುವುದು ಒಂದೇ ಜಾಗವನ್ನು.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಹರಡಿ, ಎರಿಥ್ರೊಮೈಸಿನ್ ಮತ್ತು ಕ್ಲಿಂಡಮೈಸಿನ್ ಸವರಿದ ಎರಡು ಸಣ್ಣ ಕಾಗದದ ಬಿಲ್ಲೆಗಳನ್ನು ಹತ್ತಿರ ಹತ್ತಿರ ಇಟ್ಟು ಮರುದಿನ ನೋಡಿದರೆ, ಎರಿಥ್ರೊಮೈಸಿನ್ ಸುತ್ತ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ಕ್ಲಿಂಡಮೈಸಿನ್ ಸುತ್ತ ಬೆಳವಣಿಗೆಯಿಲ್ಲದ ವೃತ್ತವಿದ್ದರೂ ಎರಿಥ್ರೊಮೈಸಿನ್ ಕಡೆಗಿರುವ ಅದರ ಬದಿ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತೆ ಕಾಣುತ್ತದೆ. ಎರಿಥ್ರೊಮೈಸಿನ್‌ನ ಸುಳಿವು ಸಿಕ್ಕೊಡನೆ ಬ್ಯಾಕ್ಟೀರಿಯಾ ತನ್ನ ಇಆರ್‌ಎಮ್ ಜೀನನ್ನು ಚಾಲೂ ಮಾಡಿಕೊಂಡಿದೆ ಎಂಬುದಕ್ಕೆ ಆ ಚಪ್ಪಟೆ ಬದಿಯೇ ಸಾಕ್ಷಿ. ವರದಿಯಲ್ಲಿ ‘ಡಿ ಟೆಸ್ಟ್ ಪಾಸಿಟಿವ್’ ಎಂದಿದ್ದರೆ ಕ್ಲಿಂಡಮೈಸಿನ್ ಅನ್ನೂ ಪಟ್ಟಿಯಿಂದ ತೆಗೆಯಬೇಕು.

ಇಂಥ ನಿರೋಧಕತೆ ಹೇಗೆ ಏರುತ್ತದೆ, ಇಳಿಯುತ್ತದೆ ಎಂಬುದಕ್ಕೆ ಫಿನ್‌ಲೆಂಡ್ ಒಳ್ಳೆಯ ಉದಾಹರಣೆ. ಅಲ್ಲಿ 1980ರ ದಶಕದ ಕೊನೆಗೆ ಎರಿಥ್ರೊಮೈಸಿನ್‌ಗೆ ಬಗ್ಗದ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ವೇಗವಾಗಿ ಹೆಚ್ಚತೊಡಗಿದಾಗ, ಗಂಟಲು ಮತ್ತು ಚರ್ಮದ ಸೋಂಕುಗಳಿಗೆ ಮ್ಯಾಕ್ರೊಲೈಡ್ ಬಳಕೆಯನ್ನು ತಗ್ಗಿಸುವಂತೆ ರಾಷ್ಟ್ರಮಟ್ಟದ ಸೂಚನೆ ಹೊರಟಿತು. ಸಾವಿರ ಜನರಿಗೆ ದಿನಕ್ಕೆ 2.40 ಡೋಸ್‌ನಷ್ಟಿದ್ದ ಬಳಕೆ 1991ರಿಂದ 1992ರೊಳಗೆ 1.38ಕ್ಕೆ ಇಳಿಯಿತು. ನಿರೋಧಕ ಬ್ಯಾಕ್ಟೀರಿಯಾದ ಪ್ರಮಾಣ 1992ರಲ್ಲಿ ಶೇ 16.5 ಇದ್ದದ್ದು 1996ಕ್ಕೆ ಶೇ 8.6ಕ್ಕೆ ಬಂತು. ನಿರೋಧಕತೆ ಒಮ್ಮೆ ಬಂದರೆ ಹಿಂದಿರುಗದು ಎಂಬ ಹತಾಶೆಯ ಮಾತು ಈ ಬ್ಯಾಕ್ಟೀರಿಯಾದ ವಿಷಯದಲ್ಲಿ ಪೂರ್ತಿ ನಿಜವಲ್ಲ; ಆದರೆ ಬಳಕೆ ಒಂದೇ ವರ್ಷದಲ್ಲಿ ಇಳಿದರೂ ನಿರೋಧಕತೆ ಅರ್ಧಕ್ಕಿಳಿಯಲು ನಾಲ್ಕು ವರ್ಷ ಹಿಡಿಯಿತು ಎಂಬುದನ್ನೂ ಮರೆಯುವಂತಿಲ್ಲ.

ಬೆಲ್ಜಿಯಂನಲ್ಲಿ 224 ಆರೋಗ್ಯವಂತರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ ವ್ಯಕ್ತಿಯ ಮಟ್ಟದಲ್ಲಿ ಇದನ್ನೇ ತೋರಿಸಿತು. ಅಜಿತ್ರೊಮೈಸಿನ್ ಅಥವಾ ಕ್ಲಾರಿಥ್ರೊಮೈಸಿನ್‌ನ ಒಂದೇ ಕೋರ್ಸ್ ಪಡೆದವರ ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳಲ್ಲಿ ನಿರೋಧಕವಾದವುಗಳ ಪಾಲು ಕೆಲವೇ ದಿನಗಳಲ್ಲಿ ಸುಮಾರು ಶೇ 50ರಷ್ಟು ಅಂಶ ಏರಿತು. ಅದರ ಪರಿಣಾಮ ಆರು ತಿಂಗಳ ನಂತರವೂ ಪತ್ತೆಯಾಗುತ್ತಿತ್ತು. ಅಜಿತ್ರೊಮೈಸಿನ್‌ನ ಅರ್ಧಾಯುಷ್ಯ, ಅಂದರೆ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಸಮಯ, 68 ಗಂಟೆಗಳಷ್ಟು ದೀರ್ಘ. ಕೊನೆಯ ಮಾತ್ರೆ ನುಂಗಿ ವಾರಗಳು ಕಳೆದರೂ ಅದು ಅಂಗಾಂಶಗಳಲ್ಲಿ ಅಲ್ಪ ಪ್ರಮಾಣದಲ್ಲಿ ಉಳಿದಿರುತ್ತದೆ: ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕೆ ಸಾಲದಷ್ಟು, ನಿರೋಧಕವಾದವನ್ನು ಆರಿಸಿ ಉಳಿಸುವುದಕ್ಕೆ ಸಾಕಾಗುವಷ್ಟು. ಮೂರು ದಿನದಲ್ಲಿ ಮುಗಿಯುವ ಅನುಕೂಲಕ್ಕೂ ಈ ಕೆಡುಕಿಗೂ ಮೂಲ ಒಂದೇ ಗುಣ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆದ್ಯತೆಯ ಬ್ಯಾಕ್ಟೀರಿಯಾಗಳ ಪಟ್ಟಿಗೆ ಮ್ಯಾಕ್ರೊಲೈಡ್ ನಿರೋಧಕ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಸೇರ್ಪಡೆಯಾಗಿದೆ. ಹೀಗಾಗಿ ಅಜಿತ್ರೊಮೈಸಿನ್‌ಗೆ ಗಂಟಲಿನ ಚಿಕಿತ್ಸೆಯಲ್ಲಿ ಉಳಿಯುವ ಜಾಗ ಒಂದೇ: ಪೆನಿಸಿಲಿನ್‌ಗೆ ನಿಜವಾದ, ತೀವ್ರ ಅಲರ್ಜಿ ಇರುವವರದು. ಅಲ್ಲಿಯೂ ಐದು ದಿನದ ಕೋರ್ಸ್ ಶಿಫಾರಸಾಗಿದೆಯೇ ಹೊರತು ಮೂರು ದಿನದ್ದಲ್ಲ, ಮತ್ತು ಸಾಧ್ಯವಾದರೆ ಕಲ್ಚರ್ ವರದಿ ನೋಡಿಯೇ ಕೊಡಬೇಕು.

ಸೆಫಾಲೋಸ್ಪೊರಿನ್‌ಗಳು, ಕ್ಲಾವ್ ಸೇರಿದ ಮಾತ್ರೆ ಮತ್ತು ಉಳಿದವು

ಸೆಫಲೆಕ್ಸಿನ್ ಮೊದಲ ತಲೆಮಾರಿನ ಸೆಫಾಲೋಸ್ಪೊರಿನ್. ಹತ್ತು ದಿನ ಕೊಟ್ಟರೆ ಸ್ಟ್ರೆಪ್ಟೊಕಾಕಸ್ ಅನ್ನು ಚೆನ್ನಾಗಿ ಹತೋಟಿಗೆ ತರುತ್ತದೆ. ಪೆನಿಸಿಲಿನ್‌ನಿಂದ ಮೈಮೇಲೆ ಸೌಮ್ಯ ಗಂಧೆಗಳಷ್ಟೇ ಎದ್ದಿದ್ದವರಿಗೆ ಇದು ಅಜಿತ್ರೊಮೈಸಿನ್‌ಗಿಂತ ಉತ್ತಮ ಬದಲಿ. ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವಂಥ ಅಲರ್ಜಿ ಆಗಿದ್ದವರಿಗೆ ಮಾತ್ರ ಇದೂ ಬೇಡ.

ಸೆಫಿಕ್ಸಿಮ್ ಕೂಡ ಈ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತದೆ. ಆಕ್ಷೇಪವಿರುವುದು ಅದರ ಶಕ್ತಿಯ ಬಗ್ಗೆ ಅಲ್ಲ, ಅದರ ಹರವಿನ ಬಗ್ಗೆ. ಗಂಟಲಿನ ಒಂದು ಬ್ಯಾಕ್ಟೀರಿಯಾಗಾಗಿ ಕರುಳಿನ ಹತ್ತಾರು ಬ್ಯಾಕ್ಟೀರಿಯಾಗಳನ್ನು ಅದು ಮುಟ್ಟುತ್ತದೆ. ನಮ್ಮ ದೇಶದಲ್ಲಿ ಟೈಫಾಯ್ಡ್‌ಗೆ ಬಾಯಿಯ ಮೂಲಕ ಕೊಡಬಹುದಾದ ಭರವಸೆಯ ಔಷಧಗಳೆಂದರೆ ಇದೇ ಸೆಫಿಕ್ಸಿಮ್ ಮತ್ತು ಅದೇ ಅಜಿತ್ರೊಮೈಸಿನ್. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಹರಡಿದ ಟೈಫಾಯ್ಡ್ ತಳಿಗೆ ಸೆಫಾಲೋಸ್ಪೊರಿನ್‌ಗಳೂ ನಾಟದೆ, ಮಾತ್ರೆಯ ರೂಪದಲ್ಲಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ. ನೆಗಡಿಯ ಗಂಟಲಿಗೆ ಇವೆರಡನ್ನೂ ಖರ್ಚು ಮಾಡುವವರು ಯಾವುದನ್ನು ಪಣಕ್ಕಿಡುತ್ತಿದ್ದಾರೆಂಬುದು ಇದರಿಂದ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅಮಾಕ್ಸಿಸಿಲಿನ್, ಸೆಫಲೆಕ್ಸಿನ್‌ಗಳು ಮುಕ್ತವಾಗಿ ದೊರೆಯಬೇಕಾದ ಗುಂಪಿನಲ್ಲಿದ್ದರೆ, ಸೆಫಿಕ್ಸಿಮ್, ಅಜಿತ್ರೊಮೈಸಿನ್‌ಗಳು ನಿಗಾ ಇಡಬೇಕಾದ ಗುಂಪಿನಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್-1 ಅನುಸೂಚಿಯಡಿ ಸೆಫಿಕ್ಸಿಮ್ ಮಾರುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ಆ ಪುಸ್ತಕ ಎಷ್ಟು ಅಂಗಡಿಗಳಲ್ಲಿ ನಿಜಕ್ಕೂ ತುಂಬುತ್ತಿದೆ ಎಂಬುದನ್ನು ಓದುಗರೇ ತಮ್ಮ ಬೀದಿಯ ಅನುಭವದಿಂದ ಹೇಳಬಲ್ಲರು.

ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಮ್ಲ ಸೇರಿಸಿದ 625ರ ಮಾತ್ರೆ ‘ಹೆಚ್ಚು ಸ್ಟ್ರಾಂಗ್’ ಎಂಬ ನಂಬಿಕೆಯಿದೆ. ಕ್ಲಾವುಲನಿಕ್ ಆಮ್ಲದ ಕೆಲಸ ಬೀಟಾ-ಲ್ಯಾಕ್ಟಮೇಸ್ ಕಿಣ್ವವನ್ನು ಕಟ್ಟಿಹಾಕುವುದು; ಆ ಕಿಣ್ವವೇ ಇಲ್ಲದ ಸ್ಟ್ರೆಪ್ಟೊಕಾಕಸ್ ಎದುರು ಅದಕ್ಕೆ ಕೆಲಸವಿಲ್ಲ. ರೋಗಿಗೆ ಹೆಚ್ಚುವರಿಯಾಗಿ ಸಿಗುವುದು ಭೇದಿ ಮತ್ತು ದುಬಾರಿ ಬಿಲ್ಲು. ಟಾನ್ಸಿಲ್ ಪಕ್ಕ ಕೀವು ಕಟ್ಟಿದಾಗ ಅದರ ಮಾತು ಬೇರೆ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್, ಕೊಟ್ರೈಮಾಕ್ಸಜೋಲ್‌ಗಳನ್ನು ಈ ಸೋಂಕಿಗೆ ಬಳಸಬಾರದು.

ಐದು ದಿನವೋ, ಹತ್ತು ದಿನವೋ

ಸ್ವೀಡನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೆನಿಸಿಲಿನ್ ವಿ 800 ಮಿ.ಗ್ರಾಂ ದಿನಕ್ಕೆ ನಾಲ್ಕು ಸಲದಂತೆ ಐದು ದಿನ ಕೊಟ್ಟದ್ದು, 1,000 ಮಿ.ಗ್ರಾಂ ದಿನಕ್ಕೆ ಮೂರು ಸಲದಂತೆ ಹತ್ತು ದಿನ ಕೊಟ್ಟದ್ದಕ್ಕೆ ಗುಣವಾಗುವ ವಿಷಯದಲ್ಲಿ ಕಡಿಮೆಯಿರಲಿಲ್ಲ. ಬ್ರಿಟನ್ನಿನ ಮಾರ್ಗಸೂಚಿಯೂ ಐದರಿಂದ ಹತ್ತು ದಿನ ಎನ್ನುತ್ತದೆ. ನಿರೋಧಕತೆಯ ದೃಷ್ಟಿಯಿಂದ ಚಿಕ್ಕ ಕೋರ್ಸ್ ಮೇಲು. ಆದರೆ ಆ ಪ್ರಯೋಗದಲ್ಲಿ ಐದು ದಿನದ ಗುಂಪಿನವರ ಗಂಟಲಿನಿಂದ ಬ್ಯಾಕ್ಟೀರಿಯಾ ಪೂರ್ತಿ ಹೋದ ಪ್ರಮಾಣ ಕಡಿಮೆಯಿತ್ತು, ಮತ್ತು ಸ್ವೀಡನ್‌ನಲ್ಲಿ ರುಮ್ಯಾಟಿಕ್ ಜ್ವರ ಇಲ್ಲವೆನ್ನುವಷ್ಟು ಅಪರೂಪ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಇಂದಿಗೂ ನಡೆಯುತ್ತಿರುವ ನಮ್ಮ ರಾಜ್ಯದಲ್ಲಿ ಶಾಲಾ ವಯಸ್ಸಿನ ಮಕ್ಕಳಿಗೆ ಹತ್ತು ದಿನವೇ ಸರಿ ಎಂದು ನನ್ನ ಅಭಿಪ್ರಾಯ.

ಬೇರೆ ಬ್ಯಾಕ್ಟೀರಿಯಾಗಳಿದ್ದರೆ

ಸಿ ಮತ್ತು ಜಿ ಗುಂಪಿನ ಸ್ಟ್ರೆಪ್ಟೊಕಾಕಸ್‌ಗಳೂ ಗಂಟಲು ನೋವು ತರುತ್ತವೆ, ಅವೂ ಪೆನಿಸಿಲಿನ್‌ಗೆ ಬಗ್ಗುತ್ತವೆ. ಹದಿಹರೆಯದವರಲ್ಲಿ ಕಾಣುವ ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೊರಂ ಅಪರೂಪಕ್ಕೆ ಕತ್ತಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. ಮ್ಯಾಕ್ರೊಲೈಡ್‌ಗಳು ಅದರ ಮೇಲೆ ನೆಚ್ಚುವಂತೆ ಕೆಲಸ ಮಾಡದಿರುವುದು ಅಜಿತ್ರೊಮೈಸಿನ್ ವಿರುದ್ಧದ ಇನ್ನೊಂದು ಕಾರಣ. ಡಿಫ್ತೀರಿಯಾ, ಅಂದರೆ ಗಂಟಲಮಾರಿ, ಇವೆಲ್ಲಕ್ಕಿಂತ ಬೇರೆ. ಟಾನ್ಸಿಲ್ ಮೇಲೆ ಬೂದುಬಣ್ಣದ, ಕೀಳಲು ಹೋದರೆ ರಕ್ತ ಬರುವ ಪೊರೆ, ಊದಿಕೊಂಡ ಕತ್ತು ಕಂಡರೆ, ಅದರಲ್ಲೂ ಲಸಿಕೆ ಪೂರ್ತಿ ಆಗದ ಮಗುವಾಗಿದ್ದರೆ, ಯಾವ ಆ್ಯಂಟಿಬಯಾಟಿಕ್ ಎಂಬ ಹೋಲಿಕೆ ಅಲ್ಲಿ ಅಪ್ರಸ್ತುತ: ಜೀವ ಉಳಿಸುವುದು ಪ್ರತಿವಿಷ, ಅದು ಸಿಗುವುದು ದೊಡ್ಡ ಆಸ್ಪತ್ರೆಯಲ್ಲಿ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಇಂಥ ಪ್ರಕರಣಗಳು ಈ ಶತಮಾನದಲ್ಲೂ ವರದಿಯಾಗಿವೆ.

ಔಷಧ ಶುರುಮಾಡಿಯೂ ಇಳಿಯದಿದ್ದರೆ

ಅಮಾಕ್ಸಿಸಿಲಿನ್ ಆರಂಭಿಸಿ ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದಾಗ ‘ಇದು ನಾಟುತ್ತಿಲ್ಲ, ಇನ್ನೂ ಸ್ಟ್ರಾಂಗ್ ಬೇಕು’ ಎಂದು ಔಷಧ ಬದಲಿಸುವುದು ರೂಢಿ. ಈ ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್‌ಗೆ ನಿರೋಧಕವಲ್ಲವಾದ್ದರಿಂದ ಕಾರಣವನ್ನು ಬೇರೆಡೆ ಹುಡುಕಬೇಕು. ಔಷಧದ ಪ್ರಮಾಣ ಕಡಿಮೆಯಾಗಿರಬಹುದು. ಶಾಲಾ ಮಕ್ಕಳಲ್ಲಿ ಸುಮಾರು ಶೇ 12ರಷ್ಟು ಮಂದಿ ಈ ಬ್ಯಾಕ್ಟೀರಿಯಾವನ್ನು ಕಾಯಿಲೆಯಿಲ್ಲದೆಯೇ ಗಂಟಲಿನಲ್ಲಿ ಇಟ್ಟುಕೊಂಡಿರುತ್ತಾರೆ. ಅಂಥ ಮಗುವಿಗೆ ವೈರಸ್ ಜ್ವರ ಬಂದಾಗ ಟೆಸ್ಟ್ ಪಾಸಿಟಿವ್ ಬಂದರೂ ಔಷಧದಿಂದ ಜ್ವರ ಇಳಿಯುವುದಿಲ್ಲ. ಹದಿಹರೆಯದವರಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಥೇಟ್ ಸ್ಟ್ರೆಪ್ಟೊಕಾಕಸ್ ಸೋಂಕಿನಂತೆಯೇ ಕಾಣುತ್ತದೆ, ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ಕೆಂಪು ಗುಳ್ಳೆ ಏಳುತ್ತವೆ. ಅದನ್ನು ‘ಪೆನಿಸಿಲಿನ್ ಅಲರ್ಜಿ’ ಎಂದು ಚೀಟಿಯಲ್ಲಿ ಬರೆದುಬಿಟ್ಟರೆ ಆ ವ್ಯಕ್ತಿಗೆ ಮುಂದೆಲ್ಲ ಅಜಿತ್ರೊಮೈಸಿನ್ನೇ ಗತಿಯಾಗುತ್ತದೆ. ಅಲರ್ಜಿ ಇದೆಯೆಂದು ದಾಖಲಾದವರಲ್ಲಿ ಸರಿಯಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ನಿಜವಾದ ಅಲರ್ಜಿ ಇರುವುದಿಲ್ಲ. ಗಂಟಲಿನ ಒಂದೇ ಬದಿ ವಿಪರೀತ ನೋವು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಜೊಲ್ಲು ನುಂಗಲಾಗದೆ ಸೋರುವುದು, ಉಸಿರಾಡುವಾಗ ಸದ್ದು ಬರುವುದು ಇವುಗಳಲ್ಲಿ ಯಾವುದಿದ್ದರೂ ಮಾತ್ರೆ ಬದಲಿಸುತ್ತ ಮನೆಯಲ್ಲಿ ಕೂರದೆ ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರಿರುವ ಆಸ್ಪತ್ರೆಗೆ ಹೋಗಬೇಕು.